ಲ್ಯಾಬ್ ವರದಿ ಎಷ್ಟು ಸರಿ? ಪ್ರಾವೀಣ್ಯ ಪರೀಕ್ಷೆಯನ್ನು ಕ್ರಮವಾಗಿ ನಡೆಸುವ ಬಗೆ

ವಿರಾಜಪೇಟೆ ತಾಲ್ಲೂಕಿನ ಹಾಡಿಯೊಂದರಿಂದ ಎಂಟನೇ ತಿಂಗಳ ಗರ್ಭಿಣಿಯೊಬ್ಬರು ರಕ್ತಪರೀಕ್ಷೆಗೆ ಬರುತ್ತಾರೆ ಎಂದುಕೊಳ್ಳೋಣ. ಅವರ ಹಿಮೋಗ್ಲೋಬಿನ್ ನಿಜಕ್ಕೂ 10.7 ಗ್ರಾಂ, ಲ್ಯಾಬಿನ ಯಂತ್ರ ಮಾತ್ರ 11.2 ಎನ್ನುತ್ತದೆ. ಆ ಹಂತದಲ್ಲಿ ರಕ್ತಹೀನತೆಯ ಗಡಿ 11 ಗ್ರಾಂ ಆಗಿರುವುದರಿಂದ ತೊಂದರೆಯೇನೂ ಇಲ್ಲವೆಂಬ ವರದಿ ಅವರ ಕೈಸೇರುತ್ತದೆ. ಈ ಅರ್ಧ ಗ್ರಾಂ ವ್ಯತ್ಯಾಸ ಲ್ಯಾಬಿನ ಒಳಗಿರುವವರಿಗೆ ಸುಲಭಕ್ಕೆ ಕಾಣುವುದಿಲ್ಲ. ದಿನವೂ ಓಡಿಸುವ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಮಾದರಿ), ಯಂತ್ರ ನಿನ್ನೆಯಂತೆ ಇಂದೂ ನಡೆಯುತ್ತಿದೆಯೇ ಎಂಬುದನ್ನು ಚೆನ್ನಾಗಿ ತಿಳಿಸುತ್ತದೆಯೇ ಹೊರತು, ಅದೇ ರಕ್ತಕ್ಕೆ ಬೇರೆ ಲ್ಯಾಬ್‌ಗಳು ಕೊಡುವ ಉತ್ತರವನ್ನು ತಿಳಿಸುವುದಿಲ್ಲ. ಒಂದೇ ಮಾದರಿಯನ್ನು ನೂರಾರು ಲ್ಯಾಬ್‌ಗಳಿಗೆ ಕಳುಹಿಸಿ ಫಲಿತಾಂಶಗಳನ್ನು ಹೋಲಿಸುವ ಪ್ರಾವೀಣ್ಯ ಪರೀಕ್ಷೆ ಈ ಕೊರತೆಯನ್ನು ತುಂಬುತ್ತದೆ. 1947ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಹೀಗೆ ಹೋಲಿಸಿ ನೋಡಿದಾಗ ಆಸ್ಪತ್ರೆಗಳ ಉತ್ತರಗಳು ಒಂದಕ್ಕೊಂದು ತಾಳೆಯಾಗಿರಲಿಲ್ಲ.

ಮೊದಲ ಕೆಲಸ ನೋಂದಣಿ. ಜೀವರಸಾಯನ ಪರೀಕ್ಷೆಗಳಿಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ರಕ್ತಕಣ ಪರೀಕ್ಷೆಗಳಿಗೆ ದೆಹಲಿಯ ಏಮ್ಸ್ ಇಂತಹ ಯೋಜನೆಗಳನ್ನು ನಡೆಸುತ್ತವೆ. ವೈದ್ಯಕೀಯ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15189 ಪ್ರಕಾರ, ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಪಡೆಯುವ ಲ್ಯಾಬ್‌ಗೆ ಈ ಭಾಗವಹಿಸುವಿಕೆ ಅಗತ್ಯ. ಮಾನ್ಯತೆಯಿಲ್ಲದ ಕುಶಾಲನಗರದ ಅಥವಾ ನಾಪೋಕ್ಲಿನ ಸಣ್ಣ ಲ್ಯಾಬ್ ಕೂಡ ಸೇರಬಹುದು, ಮತ್ತು ಸೇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅರ್ಜಿಯಲ್ಲಿ ಯಂತ್ರ, ವಿಧಾನ ಮತ್ತು ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ವಿವರಗಳನ್ನು ತಪ್ಪಿಲ್ಲದೆ ತುಂಬಬೇಕು. ಒಂದೇ ವಿಧಾನ ಬಳಸುವವರ ಗುಂಪಿನೊಂದಿಗೆ ನಿಮ್ಮನ್ನು ಹೋಲಿಸುವುದು ಅದರ ಆಧಾರದ ಮೇಲೆಯೇ. ವರ್ಷದ ನಡುವೆ ಯಂತ್ರ ಬದಲಿಸಿದರೆ ಆಗಲೇ ತಿಳಿಸಬೇಕು.

ಮಾದರಿ ಬಂದ ದಿನ ಪೊಟ್ಟಣವನ್ನು ಮೇಜಿನ ಮೇಲೆ ಬಿಟ್ಟು ಹೋಗಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ರಸ್ತೆ ಕೆಟ್ಟು ಕೊಡಗಿಗೆ ಕೊರಿಯರ್ ತಡವಾಗುವುದುಂಟು. ಆದ್ದರಿಂದ ತಲುಪಿದ ದಿನಾಂಕ, ಬಾಟಲಿ ಒಡೆದಿದೆಯೇ, ಒಣಪುಡಿಯ ರೂಪದಲ್ಲಿ ಬರುವ ಮಾದರಿ ತೇವಗೊಂಡು ಕುಗ್ಗಿದೆಯೇ ಎಂಬುದನ್ನು ರಿಜಿಸ್ಟರ್‌ನಲ್ಲಿ ಬರೆದು, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಇಡೀ ರಾತ್ರಿ ಕರೆಂಟ್ ಹೋಗುವ ಊರುಗಳಲ್ಲಿ ಫ್ರಿಜ್‌ನ ಉಷ್ಣಾಂಶವನ್ನು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ನೋಡಿ ಬರೆದಿಡುವುದು ಒಳ್ಳೆಯದು.

ಪುಡಿಯನ್ನು ಕರಗಿಸುವ ಹಂತದಲ್ಲಿಯೇ ಅತಿ ಹೆಚ್ಚು ಎಚ್ಚರ ಬೇಕು. ಬಾಟಲಿಯನ್ನು ಕೋಣೆಯ ಉಷ್ಣಾಂಶಕ್ಕೆ ತಂದು, ಮುಚ್ಚಳಕ್ಕೆ ಅಂಟಿರುವ ಪುಡಿ ಕೆಳಗೆ ಬೀಳುವಂತೆ ಮೆಲ್ಲಗೆ ತಟ್ಟಿ, ನಿಧಾನವಾಗಿ ತೆರೆಯಬೇಕು. ಸೂಚನೆಯಲ್ಲಿ 5 ಮಿಲಿಲೀಟರ್ ಎಂದಿದ್ದರೆ ಕ್ಯಾಲಿಬ್ರೇಟ್ ಆದ, ಅಂದರೆ ಅಳತೆ ಸರಿಯಿದೆಯೆಂದು ಪರೀಕ್ಷಿಸಿದ, ವಾಲ್ಯುಮೆಟ್ರಿಕ್ ಪಿಪೆಟ್‌ನಿಂದ (ನಿಗದಿತ ಪ್ರಮಾಣ ಅಳೆಯುವ ಕೊಳವೆ) ಅಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಸಿರಿಂಜ್‌ನಿಂದ ಹಾಕುವ ರೂಢಿಯನ್ನು ಬಿಡಲೇಬೇಕು. ಜೋರಾಗಿ ಅಲ್ಲಾಡಿಸಿದರೆ ನೊರೆ ಬರುತ್ತದೆ, ಆದ್ದರಿಂದ ಬಾಟಲಿಯನ್ನು ಮೆಲ್ಲಗೆ ತಿರುಗಿಸುತ್ತಾ ಕರಗಿಸಿ, ಸೂಚಿಸಿದಷ್ಟು ಹೊತ್ತು ಬೆಳಕು ಬೀಳದ ಕಡೆ ಇಡಬೇಕು. ಬಿಲಿರುಬಿನ್ ಬೆಳಕಿಗೆ ನಾಶವಾಗುತ್ತದೆ.

ನಂತರ ಆ ದಿನದ ಕಂಟ್ರೋಲ್ ಓಡಿಸಿ, ಅದು ಮಿತಿಯೊಳಗಿದ್ದರೆ ಮಾತ್ರ ಮುಂದುವರಿಯಬೇಕು. ಇಲ್ಲಿಂದಾಚೆಗೆ ಈ ಮಾದರಿ ಒಬ್ಬ ರೋಗಿಯ ಮಾದರಿಯೇ. ಅಂದಿನ ಪಾಳಿಯ ಟೆಕ್ನಿಷಿಯನ್ನೇ, ಅದೇ ಯಂತ್ರದಲ್ಲಿ, ರೋಗಿಯ ಮಾದರಿಯನ್ನು ಎಷ್ಟು ಬಾರಿ ಪರೀಕ್ಷಿಸುತ್ತಾರೋ ಅಷ್ಟೇ ಬಾರಿ ಪರೀಕ್ಷಿಸಬೇಕು. ನಾಲ್ಕು ಬಾರಿ ಓಡಿಸಿ ಸರಾಸರಿ ತೆಗೆಯುವುದು, ಮೈಸೂರಿನ ಸ್ನೇಹಿತರಿಗೆ ಫೋನ್ ಮಾಡಿ ಅವರ ಉತ್ತರ ಕೇಳುವುದು, ದೊಡ್ಡ ಲ್ಯಾಬ್‌ಗೆ ಕಳುಹಿಸಿ ಬಂದ ಅಂಕಿಯನ್ನು ತಮ್ಮದೆಂದು ಬರೆಯುವುದು, ಇವೆಲ್ಲ ನಿಷಿದ್ಧ. ಹಾಗೆ ಪಡೆದ ಒಳ್ಳೆಯ ಅಂಕದಿಂದ ಹಾಡಿಯ ಆ ಗರ್ಭಿಣಿಗೆ ಯಾವ ಉಪಯೋಗವೂ ಇಲ್ಲ. ಫಲಿತಾಂಶ ಕಳುಹಿಸುವ ಮೊದಲು ಅಳತೆಯ ಏಕಮಾನ ಮತ್ತು ದಶಮಾಂಶ ಬಿಂದುಗಳನ್ನು ಇನ್ನೊಬ್ಬರು ಓದಿ ನೋಡಲಿ.

ವರದಿ ಓದುವುದು ಹೇಗೆ

ಬಹುತೇಕ ವರದಿಗಳಲ್ಲಿ ಝಡ್ ಸ್ಕೋರ್ ಅಥವಾ ಅದನ್ನೇ ಹೋಲುವ ಅಂಕಿ ಇರುತ್ತದೆ. ನಿಮ್ಮ ಉತ್ತರದಿಂದ ಗುಂಪಿನ ಸರಾಸರಿಯನ್ನು ಕಳೆದು, ಉಳಿದದ್ದನ್ನು ಪ್ರಮಾಣ ವಿಚಲನೆಯಿಂದ (ಉತ್ತರಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) ಭಾಗಿಸಿದರೆ ಅದು ಸಿಗುತ್ತದೆ. ಗ್ಲೂಕೋಸ್‌ನ ಗುಂಪು ಸರಾಸರಿ 104, ಪ್ರಮಾಣ ವಿಚಲನೆ 4, ನಿಮ್ಮ ಉತ್ತರ 117 ಆಗಿದ್ದರೆ ಸ್ಕೋರ್ 3.25. ಹೆಚ್ಚಾಗಲಿ ಕಡಿಮೆಯಾಗಲಿ 2ರ ಒಳಗಿದ್ದರೆ ತೃಪ್ತಿಕರ, 2 ಮತ್ತು 3ರ ನಡುವೆ ಎಚ್ಚರಿಕೆ, 3 ಮತ್ತು ಅದಕ್ಕಿಂತ ಆಚೆ ಅತೃಪ್ತಿಕರ.

ಆಗ ಕಾರಣ ಹುಡುಕಬೇಕು, ವ್ಯಕ್ತಿಯನ್ನಲ್ಲ. ಮೇಲಿನ ಉದಾಹರಣೆಯಲ್ಲಿ ಗುಂಪಿನ ಸರಾಸರಿ 180 ಇರುವ ಕೊಲೆಸ್ಟರಾಲ್ ನಿಮ್ಮಲ್ಲಿ 200, 40 ಇರುವ ಯೂರಿಯಾ ನಿಮ್ಮಲ್ಲಿ 44.5 ಬಂದಿದ್ದರೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿವೆ ಎಂದಾಯಿತು. 5 ಮಿಲಿಲೀಟರ್ ಬದಲು 4.5 ಹಾಕಿದರೆ ಸರಿಸುಮಾರು ಇಷ್ಟೇ, ಅಂದರೆ ಶೇ 11ರಷ್ಟು ಏರಿಕೆ ಆಗುತ್ತದೆ. ಮೊದಲು ಪಿಪೆಟ್ ಪರಿಶೀಲಿಸಿ. ಗ್ಲೂಕೋಸ್ ಒಂದೇ ಏರಿದ್ದರೆ ಅದರ ಕ್ಯಾಲಿಬ್ರೇಶನ್, ರೀಏಜೆಂಟ್‌ನ ಹೊಸ ಲಾಟ್, ಯಂತ್ರದ ದೀಪದ ಕಡೆ ನೋಡಬೇಕು. ಎರಡು ಉತ್ತರಗಳು ಅದಲುಬದಲಾಗಿದ್ದರೆ ಅದು ಬರವಣಿಗೆಯ ತಪ್ಪು. ದೋಷ ಯಂತ್ರದ್ದೋ ವಿಧಾನದ್ದೋ ಎಂದು ಖಚಿತವಾದರೆ, ಆ ಅವಧಿಯಲ್ಲಿ ರೋಗಿಗಳಿಗೆ ಕೊಟ್ಟ ವರದಿಗಳನ್ನೂ ಮರುಪರಿಶೀಲಿಸಿ, ಅಗತ್ಯವಿದ್ದಲ್ಲಿ ವೈದ್ಯರಿಗೆ ತಿಳಿಸಬೇಕು. ಈ ಹಂತವನ್ನು ಬಿಟ್ಟುಬಿಡುವ ಲ್ಯಾಬ್ ತನ್ನ ಕಡತವನ್ನಷ್ಟೇ ಸರಿಪಡಿಸಿಕೊಂಡಂತೆ.

ತೃಪ್ತಿಕರವೆನಿಸಿದ ಸ್ಕೋರ್‌ಗಳನ್ನೂ ಗ್ರಾಫ್‌ನಲ್ಲಿ ಗುರುತಿಸಬೇಕು. ತಿಂಗಳು ತಿಂಗಳೂ 1.2, 1.5, 1.7 ಎಂದು ಒಂದೇ ಕಡೆಗೆ ವಾಲುತ್ತಿದ್ದರೆ ಸ್ಕೋರ್ 3 ತಲುಪುವವರೆಗೆ ಕಾಯುವ ಅಗತ್ಯವಿಲ್ಲ.

ಪ್ರಾವೀಣ್ಯ ಪರೀಕ್ಷೆ ಅಳೆಯದ ಭಾಗವೂ ಒಂದಿದೆ. ಭಾಗಮಂಡಲದಲ್ಲಿ ತೆಗೆದ ರಕ್ತ, ಸೀರಂ (ಕಣಗಳಿಲ್ಲದ ದ್ರವಭಾಗ) ಬೇರ್ಪಡಿಸದೆಯೇ ಬಸ್ಸಿನಲ್ಲಿ ಮಡಿಕೇರಿಗೆ ಬಂದರೆ, ಕೋಣೆಯ ಉಷ್ಣಾಂಶದಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸ್ ಕರಗುತ್ತಾ ಹೋಗುತ್ತದೆ. ಕೆಡದಿರಲೆಂದು ಅದನ್ನು ಐಸ್‌ನಲ್ಲಿ ಇಟ್ಟರೆ ಕಣಗಳಿಂದ ಪೊಟ್ಯಾಶಿಯಂ ಸೋರಿ ಸುಳ್ಳು ಏರಿಕೆ ಕಾಣುತ್ತದೆ. ಹೊರಗಿನಿಂದ ಬರುವ ಬಾಟಲಿ ಈ ದಾರಿಯಲ್ಲಿ ಸಾಗುವುದಿಲ್ಲ. ಆದ್ದರಿಂದ ಸಂಗ್ರಹ ಕೇಂದ್ರದಲ್ಲೇ ಸೆಂಟ್ರಿಫ್ಯೂಜ್ (ರಕ್ತವನ್ನು ವೇಗವಾಗಿ ತಿರುಗಿಸಿ ಸೀರಂ ಬೇರ್ಪಡಿಸುವ ಯಂತ್ರ) ಇಟ್ಟು, ರಕ್ತ ತೆಗೆದ ಮತ್ತು ಬೇರ್ಪಡಿಸಿದ ಸಮಯವನ್ನು ಟ್ಯೂಬ್ ಮೇಲೆ ಬರೆಯುವ ವ್ಯವಸ್ಥೆ ಬೇಕು.

ಯಾವ ಯೋಜನೆಯೂ ಒಳಗೊಳ್ಳದ ಪರೀಕ್ಷೆಗಳಿಗೆ ಗೋಣಿಕೊಪ್ಪಲು ಮತ್ತು ವಿರಾಜಪೇಟೆಯ ಎರಡು ಲ್ಯಾಬ್‌ಗಳು ಪರಸ್ಪರ ಒಪ್ಪಿಕೊಂಡು, ಉಳಿದ ಮಾದರಿಯನ್ನು ರೋಗಿಯ ಹೆಸರಿಲ್ಲದೆ ಹಂಚಿಕೊಂಡು ಪರೀಕ್ಷಿಸಬಹುದು. ಎಷ್ಟು ವ್ಯತ್ಯಾಸವನ್ನು ಒಪ್ಪಬೇಕು ಎಂಬುದನ್ನು ಉತ್ತರಗಳನ್ನು ನೋಡುವ ಮೊದಲೇ ಬರೆದು ಇಬ್ಬರೂ ಸಹಿ ಹಾಕಿರಬೇಕು.