ಏಳುವ ಹೊತ್ತಿನಿಂದ ಆರಂಭಿಸಿ

ಆರೋಗ್ಯವನ್ನು ಸುಧಾರಿಸಿಕೊಳ್ಳಬೇಕೆಂದು ಹೊರಡುವವರು ಸಾಮಾನ್ಯವಾಗಿ ಒಂದೇ ದಿನ ಐದಾರು ಸಂಕಲ್ಪಗಳನ್ನು ಮಾಡಿಬಿಡುತ್ತಾರೆ. ನಸುಕಿನಲ್ಲಿ ಏಳುವುದು, ಓಡುವುದು, ಸಕ್ಕರೆ ಬಿಡುವುದು, ಧ್ಯಾನಕ್ಕೆ ಕೂರುವುದು, ಮೊಬೈಲ್ ದೂರವಿಡುವುದು ಎಲ್ಲವೂ ಒಟ್ಟಿಗೇ ಶುರುವಾಗಿ, ಎರಡನೆಯ ವಾರದ ಹೊತ್ತಿಗೆ ಒಟ್ಟಿಗೇ ನಿಂತುಹೋಗುತ್ತವೆ. ನಾನು ಹೀಗೆ ಸೋತದ್ದು ಒಂದೆರಡು ಸಲವಲ್ಲ. ಒಂದು ಅಭ್ಯಾಸ ಬೇರೂರುವ ತನಕ ಎರಡನೆಯದರ ಗೊಡವೆಗೆ ಹೋಗದಿರುವ ಕ್ರಮವೇ ಕೊನೆಗೆ ಕೈಹಿಡಿಯಿತು. ಆ ಮೊದಲ ಅಭ್ಯಾಸ, ನನ್ನ ಅಭಿಪ್ರಾಯದಲ್ಲಿ, ದಿನವೂ ಒಂದೇ ಹೊತ್ತಿಗೆ ಏಳುವುದಾಗಿರಬೇಕು.

ಮಲಗುವ ಹೊತ್ತನ್ನು ಬಿಟ್ಟು ಏಳುವ ಹೊತ್ತನ್ನೇ ಏಕೆ ಹಿಡಿಯಬೇಕೆಂದರೆ, ನಿದ್ರೆಯನ್ನು ಹಟದಿಂದ ಬರಿಸಿಕೊಳ್ಳಲಾಗದು, ಹಾಸಿಗೆ ಬಿಟ್ಟು ಏಳುವುದು ಮಾತ್ರ ನಮ್ಮ ಕೈಯಲ್ಲಿದೆ. ಮೆದುಳಿನ ಹೈಪೊಥಾಲಮಸ್ ಭಾಗದಲ್ಲಿರುವ ನರಕೋಶಗಳ ಪುಟ್ಟ ಗುಂಪೊಂದು ದೇಹದ ಗಡಿಯಾರದಂತೆ ಕೆಲಸ ಮಾಡುತ್ತದೆ. ಬಹುತೇಕ ಜನರಲ್ಲಿ ಇದರ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚಾಗಿರುವುದರಿಂದ ದಿನವೂ ಅದನ್ನು ಸರಿಹೊಂದಿಸಬೇಕಾಗುತ್ತದೆ, ಆ ಕೆಲಸವನ್ನು ಮುಖ್ಯವಾಗಿ ಮಾಡುವುದು ಕಣ್ಣಿಗೆ ಬೀಳುವ ಬೆಳಗಿನ ಬೆಳಕು. ಆದ್ದರಿಂದ ಎದ್ದ ಒಂದು ಗಂಟೆಯೊಳಗೆ ಹತ್ತಿಪ್ಪತ್ತು ನಿಮಿಷ ಹೊರಗೆ ಅಡ್ಡಾಡಿ. ಮೋಡ ಕವಿದಿದ್ದರೂ ಹಗಲಿನಲ್ಲಿ ಹೊರಗಿನ ಬೆಳಕು ಸಾಮಾನ್ಯವಾಗಿ ಸಾವಿರಾರು ಲಕ್ಸ್ (ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಇರುತ್ತದೆ, ದೀಪ ಹಚ್ಚಿದ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಸಿಕ್ಕರೆ ಹೆಚ್ಚು. ಅಲಾರಾಂ ಕೈಗೆಟುಕದ ಕಡೆ ಇರಲಿ. ರಜೆಯ ದಿನ ಒಂದು ಗಂಟೆ ತಡವಾದರೆ ಅಡ್ಡಿಯಿಲ್ಲ, ಮೂರು ಗಂಟೆ ತಡವಾದರೆ ಆ ರಾತ್ರಿಯ ನಿದ್ರೆ ಕೆಟ್ಟು, ಮರುದಿನ ಇಡೀ ಮಂಕು ಕವಿದಂತಿರುತ್ತದೆ.

ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆಗಳ ನಿದ್ರೆ ಬೇಕು. ಏಳುವ ಹೊತ್ತು ನಿಗದಿಯಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಯಾವಾಗ ದೀಪ ಆರಿಸಬೇಕೆಂಬುದು ತಿಳಿಯುತ್ತದೆ. ಸೇವಿಸಿದ ಕೆಫೀನ್‌ನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು 5 ಗಂಟೆ ಹಿಡಿಯುವುದರಿಂದ, ಸಂಜೆ 5ಕ್ಕೆ ಕುಡಿದ ಕಾಫಿಯ ಅರ್ಧದಷ್ಟು ಕೆಫೀನ್ ರಾತ್ರಿ 10ಕ್ಕೂ ದೇಹದಲ್ಲಿ ಉಳಿದಿರುತ್ತದೆ. ಮದ್ಯ ಬೇಗ ನಿದ್ರೆ ತರಿಸಿದಂತೆ ಕಂಡರೂ ನಡುರಾತ್ರಿಯ ನಂತರದ ನಿದ್ರೆಯನ್ನು ಒಡೆಯುತ್ತದೆ. ಇನ್ನು ಮೊಬೈಲ್‌ನ ವಿಷಯ. ನನ್ನ ಚಾರ್ಜರ್ ಈಗ ಇರುವುದು ಅಡುಗೆಮನೆಯಲ್ಲಿ. ರಾತ್ರಿ ನೋಡಬೇಕೆನಿಸಿದರೆ ಹೊದಿಕೆ ಸರಿಸಿ, ತಣ್ಣನೆಯ ನೆಲಕ್ಕೆ ಕಾಲಿಟ್ಟು, ಕತ್ತಲಲ್ಲಿ ಗೋಡೆ ತಡವುತ್ತಾ ಹೋಗಿ, ಅಲ್ಲೇ ನಿಂತುಕೊಂಡು ನೋಡಬೇಕು. ಸಂಕಲ್ಪದಿಂದ ಆಗದಿದ್ದ ಕೆಲಸ ಈ ಸೋಮಾರಿತನದಿಂದ ಆಗಿದೆ.

ವಾರ ಕಳೆದಂತೆ ಬೆಳಗಿನ ಆ ಅಡ್ಡಾಟವನ್ನೇ ವ್ಯಾಯಾಮವಾಗಿ ಬೆಳೆಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕು, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು. ನಡೆಯುವಾಗ ಮಾತಾಡಲು ಸಾಧ್ಯವಾಗಿ, ಹಾಡಲು ಉಸಿರು ಸಾಲದಂತಿದ್ದರೆ ಅದು ಮಧ್ಯಮ ಶ್ರಮ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯನ್ನು ಮುಟ್ಟಲಾಗಲಿಲ್ಲವೆಂದು ಕೊರಗುವವರು ಒಂದನ್ನು ತಿಳಿದಿರಬೇಕು: ಆ ಅಂಕಿ ಜನಪ್ರಿಯವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ, ಯಾವ ವೈದ್ಯಕೀಯ ಲೆಕ್ಕಾಚಾರದಿಂದಲೂ ಅಲ್ಲ. ಊಟವಾದ ಮೇಲೆ ಹತ್ತು ನಿಮಿಷ ನಡೆದರೂ ಸ್ನಾಯುಗಳು ರಕ್ತದಲ್ಲಿನ ಗ್ಲೂಕೋಸನ್ನು ಬಳಸಿಕೊಳ್ಳುತ್ತವೆ. ಬಲವರ್ಧನೆಗೆ ಸಲಕರಣೆಗಳೇನೂ ಬೇಡ. ಗಟ್ಟಿಯಾದ ಕುರ್ಚಿಯೊಂದರ ಮೇಲೆ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಮಡಚಿಟ್ಟುಕೊಂಡು, ಕೈಯೂರದೆ ನಿಧಾನವಾಗಿ ಎದ್ದು, ಎದ್ದುದಕ್ಕಿಂತಲೂ ನಿಧಾನವಾಗಿ ಕೂರುವುದನ್ನು ಹತ್ತು ಸಲ ಮಾಡಿ ನೋಡಿ. ಏಳನೆಯ ಸಲಕ್ಕೆ ತೊಡೆಗಳು ತಾವಾಗಿ ಮಾತಾಡತೊಡಗುತ್ತವೆ.

ಆಹಾರದ ಬಗ್ಗೆ ಸಲಹೆಗಳಿಗೆ ಬರವಿಲ್ಲ, ಆದ್ದರಿಂದ ಎರಡೇ ಅಂಕಿಗಳು: ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ, 5 ಗ್ರಾಂಗಿಂತ ಕಡಿಮೆ ಉಪ್ಪು.

ಮನಸ್ಸಿನ ಆರೈಕೆ ಇದರಿಂದ ಬೇರೆಯಾದುದಲ್ಲ. ನಿದ್ರೆ ಮತ್ತು ನಡಿಗೆ ಸರಿಯಾದರೆ ಅದರ ಅರ್ಧ ಭಾಗ ಆಗಲೇ ನಡೆದಿರುತ್ತದೆ. ಉಳಿದರ್ಧಕ್ಕೆ ಒಂದು ಹಾಳೆ ಮತ್ತು ಪೆನ್ನು ಸಾಕು. ಮಲಗುವ ಮುನ್ನವಲ್ಲ, ಸಂಜೆಯೇ ಹದಿನೈದು ನಿಮಿಷ ಕುಳಿತು, ತಲೆಯಲ್ಲಿ ಸುತ್ತುತ್ತಿರುವ ಚಿಂತೆಗಳನ್ನು ಎಡಗಡೆ ಬರೆದು, ಪ್ರತಿಯೊಂದರ ಎದುರು ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಬರೆಯಿರಿ. ಮಾಡುವಂಥದ್ದು ಏನೂ ಇಲ್ಲದಿದ್ದರೆ ಗೆರೆ ಎಳೆದು ಬಿಡಿ. ರಾತ್ರಿ ಅದೇ ಚಿಂತೆ ಮರಳಿ ಬಂದಾಗ ಅದನ್ನು ಆಗಲೇ ಬರೆದಾಗಿದೆ ಎಂದುಕೊಳ್ಳಲು ಒಂದು ಆಧಾರವಿರುತ್ತದೆ. ಎದೆ ಬಡಿತ ಹೆಚ್ಚಿದಾಗ ನಾಲ್ಕು ಎಣಿಸುವವರೆಗೆ ಉಸಿರೆಳೆದು, ಆರು ಎಣಿಸುವವರೆಗೆ ಬಿಡಿ. ಉಸಿರು ಹೊರಹೋಗುವಾಗ ಹೃದಯದ ಗತಿ ತುಸು ಇಳಿಯುವುದರಿಂದ ನಿಧಾನವಾಗಿ ಉಸಿರು ಬಿಡುವುದು ದೇಹವನ್ನು ಶಾಂತಗೊಳಿಸುತ್ತದೆ. ವಾರಕ್ಕೊಮ್ಮೆಯಾದರೂ ಆಪ್ತರೊಬ್ಬರೊಂದಿಗೆ ಸಂದೇಶ ಬಿಟ್ಟು ದನಿಯಲ್ಲಿ ಮಾತಾಡಿ.

ಎರಡನೆಯ ಅಭ್ಯಾಸವನ್ನು ಯಾವಾಗ ಸೇರಿಸಬೇಕೆಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದು ದಿನಾಂಕವಿಲ್ಲ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ಯೋಚಿಸದೆಯೇ ನಡೆಯುವಂತಾಗಲು ಸರಾಸರಿ 66 ದಿನ ಹಿಡಿದಿತ್ತು, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೇನೂ ಆಗಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಎದ್ದ ಹೊತ್ತನ್ನು ದಿನವೂ ಗುರುತಿಸಿ, ಎಚ್ಚರಗೊಂಡಾಗ ಮನಸ್ಸು ಹೇಗಿತ್ತೆಂಬುದಕ್ಕೂ ಒಂದು ಪದ ಸೇರಿಸಿ. ಬೇಸರ, ನಿರಾಸಕ್ತಿ ಅಥವಾ ನಿದ್ರಾಹೀನತೆ ಎರಡು ವಾರಗಳಾದರೂ ತಗ್ಗದಿದ್ದರೆ ಇನ್ನಷ್ಟು ದಿನ ಕಾಯದೆ ವೈದ್ಯರನ್ನು ಕಾಣಿರಿ, ಬದುಕೇ ಬೇಡವೆನಿಸಿದರೆ ಅದೇ ದಿನ ಕಾಣಿರಿ. ಹೋಗುವಾಗ ಕ್ಯಾಲೆಂಡರಿನ ಆ ಹಾಳೆಯನ್ನೂ ಒಯ್ಯಿರಿ. ಎಂದಿನಿಂದ ಹೀಗಾಗಿದೆ ಎಂದು ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲಿರುತ್ತದೆ.