ವರ್ಣಮಾಲೆ ಆಮೇಲೆ, ಮೊದಲು ಅವರ ಹೆಸರು

ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರಿಗೆ ಹಳ್ಳಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿಯ ಗ್ರಂಥಾಲಯದಲ್ಲಿ, ಓದು ಕಲಿಸಲು ಕೂತವರು ಸಾಮಾನ್ಯವಾಗಿ ಮೊದಲ ದಿನವೇ ‘ಅ, ಆ’ ತಿದ್ದಿಸತೊಡಗುತ್ತಾರೆ. ಹಾಗೆ ಮಾಡಬೇಡಿ. ಇಡೀ ಪದದಿಂದ, ಅದೂ ಅವರ ಹೆಸರಿನಿಂದಲೇ ಶುರುಮಾಡಿ.

ಅಂಗವಿಕಲರ ಮನೆಗಳು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತು. ಅವರ ಜೊತೆ ಹೋಗಿ ಕರೆಯಿರಿ. ವಾರಕ್ಕೆರಡು ದಿನ, ಅದೇ ಹೊತ್ತು, ಅದೇ ಮೇಜು, ಅರ್ಧ ಗಂಟೆ ಸಾಕು. ಕನ್ನಡಕ ಇದ್ದರೆ ತರಲು ಹೇಳಿ.

ಮೊದಲಿಗೆ ನಾಲ್ಕೇ ಪದ: ಅವರ ಹೆಸರು, ಅಮ್ಮ, ಬಸ್ಸು, ಟೀ. ಒತ್ತಕ್ಷರಕ್ಕೆ ಹೆದರಬೇಡಿ, ಕೆಳಗೆ ಇಳಿದ ಒತ್ತೇ ಪದದ ಗುರುತಾಗುತ್ತದೆ. ಆದರೆ ‘ಮನೆ’, ‘ವಡೆ’ ಒಟ್ಟಿಗೆ ಕೊಡಬೇಡಿ. ಮ, ವ ಕಣ್ಣಿಗೆ ಒಂದೇ ಥರ. ಮಾಸಲು ಬಿಳಿಯ ದಪ್ಪ ಹಾಳೆಯಲ್ಲಿ, ಕಪ್ಪು ಮಾರ್ಕರಿನಿಂದ, ಎರಡು ಬೆರಳೆತ್ತರದ ಅಕ್ಷರದಲ್ಲಿ ಪ್ರತಿ ಪದಕ್ಕೂ ಎರಡೆರಡು ಕಾರ್ಡ್ ಬರೆಯಿರಿ. ಅಂಗಡಿಯ ಹೊಳೆಯುವ ಕಾರ್ಡ್ ಬೇಡವೇ ಬೇಡ: ಟ್ಯೂಬ್‌ಲೈಟಿಗೆ ಮಿರುಗುತ್ತದೆ, ಜೊತೆಗೆ ಪದದ ಪಕ್ಕದಲ್ಲೇ ಚಿತ್ರವಿರುತ್ತದೆ. ಕಲಿಯುವವರು ಚಿತ್ರ ಓದುತ್ತಾರೆ, ಪದವನ್ನಲ್ಲ.

ಕೆಲಸ ಕೆಡುವುದು ಇನ್ನು ಮುಂದೆ. ಇಲ್ಲಿ ಮೂರು ಹಂತಗಳಿವೆ: ಹೊಂದಿಸುವುದು, ಆರಿಸುವುದು, ಹೇಳುವುದು. ಮೇಜಿನ ಮೇಲೆ ‘ಅಮ್ಮ’, ‘ಬಸ್ಸು’ ಇಟ್ಟು, ಇನ್ನೊಂದು ‘ಅಮ್ಮ’ ಕಾರ್ಡ್ ಕೈಗೆ ಕೊಟ್ಟು, “ಇದು ಅಮ್ಮ. ಇಂಥದ್ದರ ಮೇಲೇ ಇಡಿ” ಎನ್ನಿ. ಅದು ಸಲೀಸಾದ ಮೇಲೆ “ಅಮ್ಮ ಯಾವುದು, ಕೊಡಿ” ಎಂದು ಕೇಳಿ. “ಇದೇನು?” ಎಂಬುದು ಕೊನೆಗೆ. ಕಂಡದ್ದನ್ನು ಗುರುತಿಸುವುದಕ್ಕಿಂತ ನೆನಪಿನಿಂದ ತೆಗೆದು ಹೇಳುವುದು ಕಷ್ಟ. ಆದರೂ ಬಹಳ ಜನ ಅಲ್ಲಿಂದಲೇ ಶುರುಮಾಡಿ, ಉತ್ತರ ಬರಲಿಲ್ಲವೆಂದು ಕೈಬಿಡುತ್ತಾರೆ. ಮಾತು ಬಾರದವರು ಪದ ನೋಡಿ ಅದರ ಫೋಟೊ ತೋರಿಸಿದರೂ ಅದು ಓದೇ.

ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ನಡುವೆ ಬಾಯಿ ಹಾಕಬೇಡಿ. ಕೈ ತಪ್ಪು ಕಾರ್ಡಿನತ್ತ ಹೊರಟರೆ “ತಪ್ಪು” ಎನ್ನದೆ ಸರಿಯಾದದ್ದನ್ನು ತೋರಿಸಿ, ಹೆಸರು ಹೇಳಿ, ಮತ್ತೆ ಕೇಳಿ. ಪ್ರತಿ ಸಲ ಕಾರ್ಡುಗಳ ಜಾಗ ಬದಲಿಸಿ. ಇಲ್ಲದಿದ್ದರೆ ‘ಎಡಗಡೆಯದು’ ಎಂದಷ್ಟೇ ಕಲಿಯುತ್ತಾರೆ. ಮೂರು ಬೇರೆ ಬೇರೆ ದಿನ ಸರಿ ಹೇಳಿದರೆ ಆ ಪದ ಬಂತೆಂದು ಲೆಕ್ಕ. ಒಂದೇ ದಿನ ಐದು ಸಲ ಹೇಳಿದ್ದು ಲೆಕ್ಕಕ್ಕಿಲ್ಲ.

ನಲವತ್ತು ಪದಗಳಾದ ಮೇಲೆ ವಿಭಕ್ತಿಯ ತೊಡಕು ಬರುತ್ತದೆ. ‘ಮನೆ’ ಓದುವವರು ‘ಮನೆಗೆ’ ಕಂಡು ನಿಂತುಬಿಡುತ್ತಾರೆ. ‘ಗೆ’, ‘ಯಲ್ಲಿ’ ಬೇರೆ ಚೀಟಿಯಲ್ಲಿ ಬರೆದು ‘ಮನೆ’, ‘ಪೇಟೆ’, ‘ಶಾಲೆ’ಗೆ ಕ್ಲಿಪ್ ಹಾಕಿ ಜೋಡಿಸಿ. ‘ಬಸ್ಸು’ ‘ಬಸ್ಸಿಗೆ’ ಆಗುವಾಗ ಪದವೇ ಬದಲಾಗುತ್ತದೆ, ಅದನ್ನು ಕೊನೆಗಿಡಿ. ಬಿಡಿ ಅಕ್ಷರ, ಕಾಗುಣಿತದ ಸರದಿಯೂ ಈಗಲೇ, ಗೊತ್ತಿರುವ ಪದಗಳನ್ನು ಬಿಡಿಸುತ್ತಾ.

ಮೂವತ್ತು ವರ್ಷದವರ ಕೈಗೆ ಮೊಲದ ಕಥೆ ಕೊಡಬೇಡಿ. ಅವರದೇ ಫೋಟೊ ಅಂಟಿಸಿ ಪುಟಕ್ಕೊಂದು ವಾಕ್ಯದ ಪುಸ್ತಕ ಮಾಡಿ: “ಅಮ್ಮ ಟೀ ಮಾಡಿದರು.” ‘ಪುಟ್ಟಾ’ ಎನ್ನದೆ ಊರಿನವರಂತೆ ಅಣ್ಣ, ಅಕ್ಕ ಎಂದೇ ಕರೆಯಿರಿ. ಹೊರಡುವಾಗ ಪುಸ್ತಕವನ್ನು ರಿಜಿಸ್ಟರಿನಲ್ಲಿ ಬರೆದು ಮನೆಗೆ ಕೊಡಿ. ತಾಯಿಯ ಹೆಸರಿನಲ್ಲಲ್ಲ, ಅವರ ಹೆಸರಿನಲ್ಲಿ.