ಇಳಿಜಾರು ಜಾಗ: ಜೆಸಿಬಿ ಕರೆಸುವ ಮುಂಚೆ ಮಣ್ಣಿನ ಲೆಕ್ಕ

ಇಳಿಜಾರಿನಲ್ಲಿ ಮನೆಯೋ ಗೋದಾಮೋ ಕಟ್ಟುವವರು ಮೊದಲು ಕರೆಸುವುದು ಜೆಸಿಬಿಯನ್ನು. ಎಲ್ಲಿ ಕಡಿಯಬೇಕು, ಎಲ್ಲಿ ತುಂಬಬೇಕು ಎಂಬುದು ಬಾಡಿಗೆಯ ಮೀಟರ್ ಓಡುತ್ತಿರುವಾಗಲೇ ಕಣ್ಣಂದಾಜಿನಲ್ಲಿ ತೀರ್ಮಾನವಾಗುತ್ತದೆ. ಅದೇ ತೀರ್ಮಾನವನ್ನು ಕಂಪ್ಯೂಟರ್‌ನಲ್ಲಿ ನೆಲದ ಡಿಜಿಟಲ್ ಮಾದರಿ, ಅಂದರೆ ಡಿಟಿಎಂ ಮಾಡಿಕೊಂಡು ಮೊದಲೇ ತೆಗೆದುಕೊಳ್ಳಬಹುದು. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶವೇ ಇದಕ್ಕೆ ಸಾಕು. ಎರಡು ಎಕರೆ, ಅಂದರೆ 80 ಗುಂಟೆಯ ಒಂದು ಜಾಗವನ್ನು ಇಟ್ಟುಕೊಂಡು ಕ್ರಮ ನೋಡೋಣ.

ಒಂದು ಮಾತು ಮೊದಲೇ ಹೇಳಬೇಕು. ಈ ಮಾದರಿ ನೆಲದ ಏರುತಗ್ಗನ್ನು ತೋರಿಸುತ್ತದೆಯೇ ಹೊರತು ಗಡಿಯನ್ನು ನಿರ್ಧರಿಸುವುದಿಲ್ಲ. ಬಾಂದು ಕಲ್ಲಿನ ತಕರಾರು ಇದ್ದರೆ ಹದ್ದುಬಸ್ತು ಮಾಡಿಸಿಕೊಂಡೇ ಮುಂದುವರಿಯಿರಿ.

ಉಪಗ್ರಹದ ದತ್ತಾಂಶ ಸಾಲದು

ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ನಾಸಾದ ಎಸ್‌ಆರ್‌ಟಿಎಂ, ಇಸ್ರೊದ ಭುವನ್ ತಾಣದ ಕಾರ್ಟೊಡೆಮ್ ಎಂಬ ಎತ್ತರದ ನಕ್ಷೆಗಳೆಲ್ಲ ಸುಮಾರು 30 ಮೀಟರ್ ಚೌಕಕ್ಕೆ ಒಂದು ಎತ್ತರ ಕೊಡುತ್ತವೆ. ನಿಮ್ಮ ಎರಡು ಎಕರೆಗೆ ಸಿಗುವುದು ಬರೀ ಒಂಬತ್ತು ಚೌಕ. ಎತ್ತರದ ತಪ್ಪೂ ಮೀಟರ್‌ಗಳ ಲೆಕ್ಕದಲ್ಲಿರುತ್ತದೆ. ಕೆರೆಯ ಜಲಾನಯನ ಪ್ರದೇಶ ಗುರುತಿಸಲು ಅವು ಒಳ್ಳೆಯವು, ಅಡಿಪಾಯದ ಮಟ್ಟ ಇಡಲು ಅಲ್ಲ. ಡ್ರೋನ್ ಬಯಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಫಿ, ಅಡಿಕೆ ತೋಟದ ಮೇಲೆ ಹಾರಿಸಿದರೆ ಅದರ ಕ್ಯಾಮೆರಾಕ್ಕೆ ಕಾಣುವುದು ಎಲೆ, ನೆಲವಲ್ಲ. ಹಾಗಾಗಿ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಉಪಕರಣ) ಅಥವಾ ಸೆಂ.ಮೀ. ನಿಖರತೆಯ ಆರ್‌ಟಿಕೆ ಜಿಪಿಎಸ್‌ನಿಂದ ನೆಲದ ಮೇಲೆಯೇ ಬಿಂದುಗಳನ್ನು ಅಳೆಸಿ.

ಅಳತೆ: ಚೌಕಳಿಗಿಂತ ಅಂಚು ಮುಖ್ಯ

ಮೊದಲು ಒಂದು ತಾತ್ಕಾಲಿಕ ಬೆಂಚ್ ಮಾರ್ಕ್, ಅಂದರೆ ಎಲ್ಲ ಎತ್ತರಗಳಿಗೂ ಆಧಾರವಾಗುವ ಗುರುತು ಬೇಕು. ಕದಲದ ಬಂಡೆಯ ಮೇಲೋ ಹಳೆಯ ಕಟ್ಟಡದ ಮೆಟ್ಟಿಲ ಮೇಲೋ ಗುರುತು ಹಾಕಿ, ಅದಕ್ಕೆ 100.000 ಮೀಟರ್ ಎಂದು ಕೊಡಬಹುದು. ಜಿಪಿಎಸ್‌ನಲ್ಲಿ ಅಳೆಯುವುದಾದರೆ ಒಂದು ಎಚ್ಚರಿಕೆ. ಉಪಕರಣ ನೇರವಾಗಿ ಕೊಡುವ ಎತ್ತರ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದಲ್ಲ. ಬೆಂಗಳೂರಿನ ಸುತ್ತ ಅದು ಸಮುದ್ರಮಟ್ಟದ ಎತ್ತರಕ್ಕಿಂತ 85 ಮೀಟರ್‌ಗೂ ಮೀರಿ ಕಡಿಮೆ ಬರುತ್ತದೆ. ಅರ್ಧ ಬಿಂದುಗಳಿಗೆ ಈ ವ್ಯತ್ಯಾಸ ಸರಿಪಡಿಸುವ ಜಿಯಾಯ್ಡ್ ತಿದ್ದುಪಡಿ ಹಾಕಿ ಇನ್ನರ್ಧಕ್ಕೆ ಬಿಟ್ಟರೆ ಜಾಗದ ಮಧ್ಯೆ ಪ್ರಪಾತವೇ ಎದ್ದು ನಿಲ್ಲುತ್ತದೆ.

ಎರಡು ಎಕರೆಗೆ 10 ಮೀಟರ್ ಅಂತರದ ಚೌಕಳಿಯಲ್ಲಿ 80ರಷ್ಟು ಬಿಂದು ಬೇಕು, 5 ಮೀಟರ್ ಅಂತರದಲ್ಲಿ 320ರಷ್ಟು. ಹೆಚ್ಚು ಬಿಂದು ತೆಗೆದರೆ ಹೆಚ್ಚು ನಿಖರ ಎಂದು ಹಲವರು 5 ಮೀಟರ್‌ಗೆ ಹೋಗುತ್ತಾರೆ, ಅಂಚುಗಳನ್ನು ಮಾತ್ರ ಮರೆಯುತ್ತಾರೆ. ನಮ್ಮ ಶಿಫಾರಸು ಇದರ ತದ್ವಿರುದ್ಧ: ಚೌಕಳಿ 10 ಮೀಟರ್ ಇರಲಿ, ನೆಲ ಥಟ್ಟನೆ ತಿರುಗುವ ಪ್ರತಿ ಗೆರೆಯನ್ನೂ ಪ್ರತ್ಯೇಕವಾಗಿ ಅಳೆಯಿರಿ.

ಹೊಲದ ಬದುವನ್ನೇ ತೆಗೆದುಕೊಳ್ಳಿ. ಅದಕ್ಕೆ ನಾಲ್ಕು ಗೆರೆ ಬೇಕು: ಎರಡು ಬದಿಯ ಬುಡ, ಮೇಲಿನ ಎರಡು ಅಂಚು. ಪ್ರತಿ ಗೆರೆಯಲ್ಲಿ 5 ಮೀಟರ್‌ಗೊಂದು ಬಿಂದು, ತಿರುವು ಬಂದಲ್ಲೆಲ್ಲ ಒಂದು. ಕಾಲುವೆಯಾದರೆ ತಳದ ಗೆರೆಯೂ ಸೇರಬೇಕು. ಬಿಂದುವಿನ ಸಂಕೇತ ಅಳೆಯುವಾಗಲೇ ಹಾಕಿಸಿ: ಬದುವಿನ ಬುಡಕ್ಕೆ ಒಂದು, ನೆತ್ತಿಗೆ ಒಂದು, ಬಾವಿಯ ಕಟ್ಟೆಗೆ ಮತ್ತೊಂದು. ಮನೆಗೆ ಬಂದ ಮೇಲೆ ಯಾವ ಬಿಂದು ಯಾವುದೆಂದು ನೆನಪಿಸಿಕೊಳ್ಳಲು ಆಗುವುದಿಲ್ಲ. ಹತ್ತಿಪ್ಪತ್ತು ಬಿಂದುಗಳನ್ನು ಪರೀಕ್ಷೆಗೆಂದೇ ಬೇರೆ ತೆಗೆದಿಡಿ, ಮಾದರಿಗೆ ಸೇರಿಸಬೇಡಿ.

ಟೋಟಲ್ ಸ್ಟೇಷನ್‌ನಲ್ಲಿ ಆಗುವ ಮಾಮೂಲಿ ತಪ್ಪು ಬಿಂದುವಿನ ಮೇಲೆ ನಿಲ್ಲಿಸಿ ಹಿಡಿಯುವ ಪ್ರಿಸಂ ಕೋಲಿನದು. ಪೊದೆ ಅಡ್ಡ ಬಂತೆಂದು ಕೋಲನ್ನು 1.5 ಮೀಟರ್‌ನಿಂದ 2 ಮೀಟರ್‌ಗೆ ಎತ್ತುತ್ತಾರೆ, ಉಪಕರಣದಲ್ಲಿ ಆ ಎತ್ತರವನ್ನು ಬದಲಿಸುವುದಿಲ್ಲ. ಅಲ್ಲಿಂದಾಚೆಗಿನ ನೆಲವೆಲ್ಲ ಅರ್ಧ ಮೀಟರ್ ಮೇಲೇಳುತ್ತದೆ. ಪ್ರತಿ ಗಂಟೆಗೊಮ್ಮೆ ಬೆಂಚ್ ಮಾರ್ಕ್‌ಗೆ ಹೋಗಿ ಓದಿಸಿದರೆ ಇದು ಅಲ್ಲೇ ಸಿಕ್ಕಿಬೀಳುತ್ತದೆ.

ತಂತ್ರಾಂಶಕ್ಕೆ ಬಿಂದು ಸೇರಿಸುವುದು

ಬಿಂದುಗಳಿಗೆ ಜಿಪಿಎಸ್‌ನ ನಿರ್ದೇಶಾಂಕ ಇದ್ದರೆ ಮೊದಲು ಪ್ರಾಜೆಕ್ಟಿನ ವಲಯ ಸರಿಯಾಗಿ ಆರಿಸಿ. ಭೂಮಿಯನ್ನು ರೇಖಾಂಶದ ಪ್ರಕಾರ ವಲಯಗಳಾಗಿ ಹಂಚುವ ಯುಟಿಎಂ ನಕ್ಷೆ ಪದ್ಧತಿಯಲ್ಲಿ ಕರ್ನಾಟಕದ ಬಹುಭಾಗ 43 ಉತ್ತರ ವಲಯದಲ್ಲಿದೆ, ತಂತ್ರಾಂಶದಲ್ಲಿ ಅದನ್ನು ಗುರುತಿಸುವ ಇಪಿಎಸ್‌ಜಿ ಸಂಖ್ಯೆ 32643. ಆದರೆ ವಲಯದ ಗೆರೆ 78 ಡಿಗ್ರಿ ಪೂರ್ವ ರೇಖಾಂಶದಲ್ಲಿ ಹಾದುಹೋಗುತ್ತದೆ. ಹಾಗಾಗಿ ಕೋಲಾರ, ಮುಳಬಾಗಿಲು ಪಟ್ಟಣಗಳು 44ನೇ ವಲಯಕ್ಕೆ ಬೀಳುತ್ತವೆ (32644), ಮಾಲೂರು 43ರಲ್ಲೇ ಉಳಿಯುತ್ತದೆ. ಇನ್ನೊಂದು ಸಂಗತಿ: ಯುಟಿಎಂ ನಕ್ಷೆಯ ದೂರ ನೆಲದ ಟೇಪಿನ ದೂರಕ್ಕೆ ಪೂರ್ತಿ ಹೊಂದುವುದಿಲ್ಲ. ವಲಯದ ನಡುಗೆರೆ 75 ಡಿಗ್ರಿಯ ಹತ್ತಿರವಿರುವ ಹುಬ್ಬಳ್ಳಿಯಂಥ ಕಡೆ 100 ಮೀಟರ್‌ಗೆ ನಾಲ್ಕೈದು ಸೆಂ.ಮೀ. ಕಡಿಮೆ ತೋರಿಸುತ್ತದೆ. ಮಣ್ಣಿನ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ, ಕಂಬಗಳ ಜಾಗ ಗುರುತು ಹಾಕುವಾಗ ಮಾತ್ರ ತೊಂದರೆಯಾಗುತ್ತದೆ.

ಬಿಂದುಗಳ ಸಿಎಸ್‌ವಿ ಕಡತವನ್ನು ‘ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ ಮೂಲಕ ತನ್ನಿ. ಎಕ್ಸ್‌ಗೆ ಈಸ್ಟಿಂಗ್ (ಪೂರ್ವ ದಿಕ್ಕಿನ ಅಳತೆ), ವೈಗೆ ನಾರ್ತಿಂಗ್ (ಉತ್ತರ ದಿಕ್ಕಿನ ಅಳತೆ), ಝಡ್‌ಗೆ ಎತ್ತರ. ಸರ್ವೆಯವರ ಪಟ್ಟಿಯಲ್ಲಿ ನಾರ್ತಿಂಗ್ ಮೊದಲು ಬರುವುದೇ ವಾಡಿಕೆ. ಅದಲುಬದಲಾದರೆ ಜಾಗ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ನಮ್ಮ ರಾಜ್ಯದಲ್ಲಿ ಈಸ್ಟಿಂಗ್ ಆರಂಕಿ, ನಾರ್ತಿಂಗ್ ಏಳಂಕಿ. ಎಣಿಸಿ ನೋಡಿದರೆ ಸಾಕು.

ಈಗ ಅಂಚಿನ ಗೆರೆಗಳು, ಅಂದರೆ ಬ್ರೇಕ್‌ಲೈನ್. ಝಡ್ ಆಯಾಮವಿರುವ ಹೊಸ ಗೆರೆ ಲೇಯರ್ ತೆರೆದು, ಗೆರೆ ಬಿಂದುವಿಗೆ ಅಂಟಿಕೊಳ್ಳುವಂತೆ ಸ್ನ್ಯಾಪಿಂಗ್ ಹಾಕಿಕೊಂಡು, ಒಂದೇ ಸಂಕೇತದ ಬಿಂದುಗಳನ್ನು ಸಾಲಾಗಿ ಜೋಡಿಸುತ್ತ ಹೋಗಿ. ಸ್ನ್ಯಾಪ್ ಆದ ಕಡೆ ಬಿಂದುವಿನ ಎತ್ತರ ತಾನಾಗಿ ಗೆರೆಗೆ ಬರುತ್ತದೆ. ತಪ್ಪಿದ ಕಡೆ ಎತ್ತರ ಸೊನ್ನೆಯಾಗಿ ಉಳಿದು, ಬದುವಿನ ನಡುವೆ 100 ಮೀಟರ್ ಆಳದ ಕೊಳವೆಬಾವಿ ಹುಟ್ಟುತ್ತದೆ!

ತ್ರಿಕೋನಗಳನ್ನು ಕಣ್ಣಾರೆ ನೋಡಿ

ಪ್ರೊಸೆಸಿಂಗ್ ಪೆಟ್ಟಿಗೆಯಲ್ಲಿ ಬಿಂದುಗಳನ್ನು ತ್ರಿಕೋನಗಳಾಗಿ ಜೋಡಿಸಿ ನೆಲದ ಮಾದರಿ ಮಾಡುವ ‘ಟಿನ್ ಇಂಟರ್‌ಪೊಲೇಷನ್’ ತೆರೆಯಿರಿ. ಬಿಂದುಗಳ ಲೇಯರನ್ನು ಬಿಂದುಗಳೆಂದೂ ಗೆರೆಗಳ ಲೇಯರನ್ನು ಬ್ರೇಕ್‌ಲೈನ್ ಎಂದೂ ಸೇರಿಸಿ, ಎರಡಕ್ಕೂ ಝಡ್ ಬಳಸಲು ಹೇಳಿ. ವಿಧಾನ ಲೀನಿಯರ್ ಇರಲಿ. ನುಣುಪಾಗಿ ಕಾಣುತ್ತದೆಂದು ಇನ್ನೊಂದನ್ನು ಆರಿಸಿದರೆ ಅಳೆಯದ ಉಬ್ಬುತಗ್ಗು ಸೇರಿಕೊಳ್ಳಬಹುದು. ಪಿಕ್ಸೆಲ್ ಅಳತೆ 0.25 ಮೀಟರ್. ತ್ರಿಕೋನಗಳನ್ನು ಪ್ರತ್ಯೇಕ ಲೇಯರಾಗಿ ಉಳಿಸುವ ಆಯ್ಕೆಯನ್ನೂ ತುಂಬಿ. ಬಹುಮಂದಿ ಇದನ್ನು ಬಿಟ್ಟುಬಿಡುತ್ತಾರೆ, ಆದರೆ ತಪ್ಪು ಅಡಗಿರುವುದು ಅಲ್ಲೇ.

ತಂತ್ರಾಂಶಕ್ಕೆ ಗೊತ್ತಿರುವುದು ನೀವು ಅಳೆದ ಬಿಂದುಗಳಷ್ಟೇ. ನಡುವಿನ ನೆಲವೆಲ್ಲ ಮೂರು ಮೂರು ಬಿಂದುಗಳ ಮೇಲೆ ಎಳೆದ ಸಪಾಟು ತ್ರಿಕೋನ. ಬ್ರೇಕ್‌ಲೈನ್ ಇಲ್ಲದಿದ್ದರೆ ತ್ರಿಕೋನವೊಂದು ಬದುವಿನ ಈಚೆ ಬುಡದಿಂದ ಆಚೆ ಬುಡಕ್ಕೆ ನೇರ ಹಾದು ಬದುವನ್ನೇ ಕತ್ತರಿಸುತ್ತದೆ. ಪಕ್ಕದ ತ್ರಿಕೋನ ನೆತ್ತಿಯ ಬಿಂದುವನ್ನು ಹಿಡಿದಿರುತ್ತದೆ. ಫಲವಾಗಿ 60 ಸೆಂ.ಮೀ. ಎತ್ತರದ ಉದ್ದನೆಯ ಬದು ಸಾಲು ಹುತ್ತಗಳಂತೆ ಕಾಣುತ್ತದೆ. ನೀರು ಹುತ್ತಗಳ ನಡುವೆ ಹರಿದುಹೋಗುತ್ತದೆಂದು ಮಾದರಿ ಹೇಳುತ್ತದೆ, ನಿಜವಾದ ಜಾಗದಲ್ಲಿ ಬದುವಿಗೆ ತಡೆದು ನಿಲ್ಲುತ್ತದೆ.

ಜಾಗದ ಹೊರ ಅಂಚಿನಲ್ಲಿ ಉದ್ದನೆಯ ಸಪೂರ ತ್ರಿಕೋನಗಳು ಮೂಡುವುದು ಸಹಜ. ಅಲ್ಲಿ ಅಳತೆಯೇ ಇರುವುದಿಲ್ಲವಾದ್ದರಿಂದ ಅಳೆದ ಪ್ರದೇಶದ ಗಡಿಗೆ ಸರಿಯಾಗಿ ಮಾದರಿಯನ್ನು ಕತ್ತರಿಸಿಹಾಕಿ.

ನಂತರ 0.25 ಮೀಟರ್ ಅಂತರದ ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ತೆಗೆಯಿರಿ. ಹಳ್ಳ ದಾಟುವಾಗ ರೇಖೆಯ ಮೊನೆ ಏರಿನ ಕಡೆಗೆ ತಿರುಗಿರಬೇಕು. ಬದುವಿಲ್ಲದ ಕಡೆ ರೇಖೆಗಳು ನೇರ ಸಾಲಾಗಿ ಒತ್ತೊತ್ತಾಗಿದ್ದರೆ ಪ್ರಿಸಂ ಕೋಲಿನ ಕಥೆ ಇರಬೇಕು. ತೆಗೆದಿಟ್ಟ ಪರೀಕ್ಷಾ ಬಿಂದುಗಳ ಎತ್ತರವನ್ನು ಮಾದರಿಯ ಎತ್ತರದೊಂದಿಗೆ ಹೋಲಿಸಿ. ಉತ್ತ ಹೊಲದಲ್ಲಿ ಐದಾರು ಸೆಂ.ಮೀ. ವ್ಯತ್ಯಾಸ ಒಪ್ಪಬಹುದು, 20 ಬಂದರೆ ಅಲ್ಲಿಗೆ ಮತ್ತೆ ಹೋಗಬೇಕು.

ಕಟ್ಟಡದ ಮಟ್ಟ ಮತ್ತು ಮಣ್ಣು

ಕಟ್ಟಡ ನಿಲ್ಲುವ ಸಮತಟ್ಟು ಕಟ್ಟೆಗೆ 30 x 20 ಮೀಟರಿನ ಆಯತ ಬರೆಯಿರಿ. 30 ಮೀಟರ್ ಇಳಿಜಾರಿನ ದಿಕ್ಕಿಗಿರಲಿ. ಮಾದರಿಯನ್ನು ಈ ಆಯತಕ್ಕೆ ಕತ್ತರಿಸಿ, ‘ರಾಸ್ಟರ್ ಸರ್ಫೇಸ್ ವಾಲ್ಯೂಮ್’ ಸಾಧನದಲ್ಲಿ ಕಟ್ಟೆಯ ಮಟ್ಟವನ್ನು ಬೇಸ್ ಲೆವೆಲ್ ಆಗಿ ಕೊಡಿ. ಅದಕ್ಕಿಂತ ಮೇಲಿನದನ್ನಷ್ಟೇ ಎಣಿಸಲು ಹೇಳಿದರೆ ಕಡಿಯುವ ಮಣ್ಣು, ಕೆಳಗಿನದನ್ನು ಎಣಿಸಿದರೆ ತುಂಬುವ ಜಾಗ.

ಉತ್ತರವನ್ನು ಕೈಲೆಕ್ಕದಲ್ಲಿ ತಾಳೆ ನೋಡಿ. ನೂರಕ್ಕೆ 5ರ ಸಮ ಇಳಿಜಾರಾದರೆ 30 ಮೀಟರ್‌ಗೆ ಒಂದೂವರೆ ಮೀಟರ್ ತಗ್ಗು. ಕಟ್ಟೆಯನ್ನು ನಟ್ಟನಡುವಿನ ಮಟ್ಟಕ್ಕೆ ಇಟ್ಟರೆ ಕಡಿತ 112.5 ಘನ ಮೀಟರ್, ತುಂಬುವುದೂ ಅಷ್ಟೇ. ತಂತ್ರಾಂಶ 300 ಎಂದರೆ ಎಲ್ಲೋ ಎಡವಟ್ಟಾಗಿದೆ.

ಕಡಿತವೂ ತುಂಬುವಿಕೆಯೂ ಕಾಗದದಲ್ಲಿ ಸಮವಾದರೆ ಸೈಟಿನಲ್ಲಿ ಮಣ್ಣು ಕಡಿಮೆ ಬೀಳುತ್ತದೆ. ಅಗೆದ ಮಣ್ಣು ಉಬ್ಬಿ ರಾಶಿ ದೊಡ್ಡದಾಗಿ ಕಾಣುತ್ತದೆ ನಿಜ, ಆದರೆ ಪದರ ಪದರವಾಗಿ ರೋಲರ್ ಹಾಯಿಸಿ ಗಟ್ಟಿ ಮಾಡಿದಾಗ ಮೊದಲಿದ್ದುದಕ್ಕಿಂತಲೂ ಕುಗ್ಗಬಹುದು. ತುಂಬಲು ನೂರಕ್ಕೆ 15ರಷ್ಟು ಹೆಚ್ಚು ಮಣ್ಣು ಬೇಕೆಂದು ಹಿಡಿದರೆ, ಈ ಕಟ್ಟೆಯ ಮಟ್ಟವನ್ನು ಎರಡೂವರೆ ಸೆಂ.ಮೀ. ತಗ್ಗಿಸಿದರೆ ಸರಿಹೋಗುತ್ತದೆ. ಅಷ್ಟು ಸೂಕ್ಷ್ಮ. ಅದೇ ಮಟ್ಟವನ್ನು ‘ಇರಲಿ’ ಎಂದು 10 ಸೆಂ.ಮೀ. ಏರಿಸಿದರೆ 60 ಘನ ಮೀಟರ್ ಮಣ್ಣು ಹೊರಗಿನಿಂದ ತರಬೇಕು. ಉಬ್ಬಿದ ಲೆಕ್ಕದಲ್ಲಿ ಅದು 75 ಆದರೂ, 10 ಘನ ಮೀಟರಿನ ಟಿಪ್ಪರ್‌ಗೆ ಎಂಟು ಲೋಡು.

ಆಯತದ ಲೆಕ್ಕಕ್ಕೆ ಅಂಚಿನ ಇಳುಕಲು ಸೇರಿರುವುದಿಲ್ಲ. ಮುಕ್ಕಾಲು ಮೀಟರ್ ತುಂಬಿದ ಕಡೆ ಎತ್ತರ ಒಂದಕ್ಕೆ ಅಡ್ಡ ಒಂದೂವರೆಯ ಇಳುಕಲು ಕೊಟ್ಟರೆ ಅದರ ಬುಡ 1.2 ಮೀಟರ್ ಹೊರಕ್ಕೆ ಚಾಚುತ್ತದೆ. ಗಡಿ ಒಂದೇ ಮೀಟರ್ ದೂರವಿದ್ದರೆ ತಡೆಗೋಡೆ ಬೇಕು. ಸಿವಿಲ್ ತ್ರೀಡಿಯಂಥ ಹಣದ ತಂತ್ರಾಂಶದ ಗ್ರೇಡಿಂಗ್ ಸಾಧನ ಈ ಬುಡವನ್ನು ತಾನೇ ಹುಡುಕಿಕೊಡುತ್ತದೆ. ದಿನಾ ಇದೇ ಕೆಲಸ ಮಾಡುವವರಿಗೆ ಅದು ಲಾಭ, ಒಂದು ಮನೆಗೆ ದುಬಾರಿ.

ಮೇಲ್ಭಾಗದಿಂದ ಬರುವ ಮಳೆನೀರು ಕಡಿದ ಗೋಡೆಗೆ ಇಳಿಯದಂತೆ ಅದರ ನೆತ್ತಿಗಿಂತ ಮೇಲೆ ಒಂದು ಕಾಲುವೆ ಎಳೆಯಿರಿ, ನೂರಕ್ಕೆ 1ರಷ್ಟಾದರೂ ಇಳಿಜಾರು ಕೊಟ್ಟು ಹಳ್ಳಕ್ಕೆ ಬಿಡಿ. ಕೊನೆಗೆ ಆಯತದ ನಾಲ್ಕು ಮೂಲೆ ಮತ್ತು ನಡುವಿನ ಬಿಂದುಗಳಲ್ಲಿ ಎಷ್ಟು ಕಡಿಯಬೇಕು, ಎಷ್ಟು ತುಂಬಬೇಕು ಎಂಬ ಪಟ್ಟಿ ಮುದ್ರಿಸಿ ಗೂಟ ಹೊಡೆಸಿ. ಗೂಟಗಳು ಮೊದಲ ದಿನವೇ ಬಕೆಟ್ಟಿಗೆ ಸಿಕ್ಕಿ ಹಾರಿಹೋಗುತ್ತವೆ. ಅದಕ್ಕಾಗಿ ಆಯತದ ನಾಲ್ಕೂ ಕಡೆ ಐದು ಮೀಟರ್ ಹೊರಗೆ ಇನ್ನೊಂದು ಸಾಲು ಗೂಟ ಇರಲಿ, ಬೆಂಚ್ ಮಾರ್ಕಿನ ಸುತ್ತ ನಾಲ್ಕು ಕಲ್ಲು ನಿಲ್ಲಿಸಿ ಸುಣ್ಣ ಬಳಿಸಿ.